ಕೊನೆಯ ಕೈ

ಆ ಬಾಟ್ಲಿ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೈದಾನದ ತೀರಾ ಹಿಂದಿನಿಂದ, ದೀಪದ ಬೆಳಕು ಮುಟ್ಟದ ಕಡೆಯಿಂದ ಅದು ಹೊರಡುತ್ತಿತ್ತು. ತಂದವರು ಯಾರು, ಮುಚ್ಚಳ ತೆಗೆದವರು ಯಾರು, ನಮಗೆ ತಿಳಿಯುತ್ತಿರಲಿಲ್ಲ. ಜನರ ತಲೆಗಳ ಮೇಲೆ, ಕೈಯಿಂದ ಕೈಗೆ, ಒಂದು ಹನಿಯೂ ಚೆಲ್ಲದೆ ಅದು ವೇದಿಕೆಯ ಕಡೆಗೆ ಬರುತ್ತಿತ್ತು. ದಾರಿಯಲ್ಲಿ ಒಬ್ಬನೂ ಒಂದು ಗುಟುಕು ಕದಿಯುತ್ತಿರಲಿಲ್ಲ. ಅಷ್ಟು ಕುಡುಕರನ್ನು ದಾಟಿ ಒಂದು ತುಂಬಿದ ಬಾಟ್ಲಿ ಕ್ಷೇಮವಾಗಿ ಬರುತ್ತದೆಂದರೆ ಅದನ್ನು ಭಕ್ತಿ ಎನ್ನದೆ ಬೇರೇನೆನ್ನಬೇಕು? ಆ ಭಕ್ತಿ ನನ್ನ ಮೇಲಿತ್ತು. ಖಾಲಿಯಾದ ಮೇಲೆ ಅದು ಬಂದ ದಾರಿಯಲ್ಲೇ, ಅದೇ ಕೈಗಳ ಮೇಲೆ ಹಿಂದಕ್ಕೆ ಹೋಗುತ್ತಿತ್ತು. ಜನ ಇದಕ್ಕೆ ಬಾಟ್ಲಿ ಸವಾರಿ ಎಂದು ಹೆಸರಿಟ್ಟಿದ್ದರು.

ನಾನು ಡ್ರಮ್ ಬಾರಿಸುತ್ತಿದ್ದೆ. ನಮ್ಮ ರಾಕ್ ತಂಡದ ಹೆಸರು ‘ತಗಡು’. ಒಂದು ಹಳೆಯ ಗೋದಾಮಿನ ತಗಡಿನ ಮಾಡಿನ ಕೆಳಗೆ ಅಭ್ಯಾಸ ಮಾಡುತ್ತಿದ್ದೆವು, ನಾನು ಬಾರಿಸಿದರೆ ಮಾಡೂ ಜೊತೆಗೆ ಬಾರಿಸುತ್ತಿತ್ತು. ಬೀದಿಯವರು ‘ತಗಡು ಬಡಿಯೋರು ಬಂದ್ರು’ ಎಂದು ಬೈಯುತ್ತಿದ್ದರು. ಅದನ್ನೇ ಹೆಸರು ಮಾಡಿಕೊಂಡೆವು. ತಂಡದಲ್ಲಿ ಮೂವರೇ. ಹಾಡುತ್ತಾ ಗಿಟಾರ್ ನುಡಿಸುವ ಡೆನ್ಜಿಲ್, ದಪ್ಪ ತಂತಿಯ ಬೇಸ್ ಗಿಟಾರ್ ಹಿಡಿದ ತಿಪ್ಪೇಶ, ಹಿಂದೆ ಕೂತ ನಾನು. ತಿಪ್ಪೇಶ ನನ್ನ ಬೀದಿಯವನು, ಚಡ್ಡಿ ದೋಸ್ತ. ಬೇಸ್‌ನವನೂ ಡ್ರಮ್‌ನವನೂ ಒಂದೇ ನೊಗದ ಎತ್ತುಗಳು, ಒಬ್ಬ ಎಡವಿದರೆ ಇನ್ನೊಬ್ಬನ ಕುತ್ತಿಗೆಗೆ ಬರುತ್ತದೆ. ಅವನು ನನ್ನ ಎಡಕ್ಕೆ ನಿಲ್ಲುತ್ತಿದ್ದ. ನಾನು ಜನರನ್ನು ನೋಡುತ್ತಿರಲಿಲ್ಲ, ತಾಳ ಹಾಕುತ್ತಿದ್ದ ಅವನ ಪಾದವನ್ನು ನೋಡುತ್ತಿದ್ದೆ.

ಸವಾರಿ ಶುರುವಾದದ್ದು ಆಕಸ್ಮಿಕವಾಗಿ. ಒಂದು ಸಂಜೆ ಕೊನೆಯ ಹಾಡಿನಲ್ಲಿ ನಾನು ಮೈಮರೆತು ಬಾರಿಸುತ್ತಿದ್ದಾಗ ಯಾರೋ ಅಭಿಮಾನಿ ನನಗೆಂದು ಬಾಟ್ಲಿ ಕಳಿಸಿದ. ನನ್ನ ಎರಡು ಕೈ, ಎರಡು ಕಾಲು ಎಲ್ಲವೂ ಕೆಲಸದಲ್ಲಿದ್ದವು. ತಿಪ್ಪೇಶ ಆ ಹೊತ್ತಿಗೆ ಅತಿ ದಪ್ಪನೆಯ ತಂತಿಯೊಂದನ್ನೇ ಮೀಟುತ್ತಿದ್ದ. ಅದನ್ನು ಎಲ್ಲೂ ಒತ್ತಬೇಕಿಲ್ಲವಾದ್ದರಿಂದ ಅವನ ಎಡಗೈ ಖಾಲಿ ಇತ್ತು. ಆ ಕೈಯಲ್ಲಿ ಬಾಟ್ಲಿ ಇಸಿದುಕೊಂಡು, ಎರಡು ಹೆಜ್ಜೆ ಹಿಂದೆ ಬಂದು, ನನ್ನ ತೆರೆದ ಬಾಯಿಗೆ ಸುರಿದ. ಡ್ರಮ್ ನಿಲ್ಲಲಿಲ್ಲ. ಮೈದಾನ ಹುಚ್ಚೆದ್ದು ಕೂಗಿತು.

ಆಮೇಲೆ ಅದಿಲ್ಲದೆ ನಮ್ಮ ಕಾರ್ಯಕ್ರಮವೇ ಇಲ್ಲ ಎಂಬಂತಾಯಿತು. ಅವನ ಎಡಗೈ ಬಿಡುವಾಗಿರಲೆಂದೇ ಕೊನೆಯ ಹಾಡಿನ ಮುಕ್ತಾಯವನ್ನು ನಾವು ತಿದ್ದಿದೆವು. ಡೆನ್ಜಿಲ್ ಮೈಕಿನಲ್ಲಿ “ಎತ್ತು!” ಎನ್ನುತ್ತಿದ್ದ, ಜನ “ಎತ್ತು! ಎತ್ತು!” ಎಂದು ನೆಲ ತುಳಿಯುತ್ತಿದ್ದರು. ಅಷ್ಟೂ ಕೈಗಳನ್ನು ದಾಟಿ ಬಂದ ಬಾಟ್ಲಿಗೆ ಕೊನೆಯ ಕೈ ತಿಪ್ಪೇಶನದು. ತಮಾಷೆಯೆಂದರೆ ಅವನು ಕುಡಿಯುವುದಿರಲಿ, ಎಲೆಅಡಿಕೆ ಕೂಡ ಹಾಕುತ್ತಿರಲಿಲ್ಲ. ಸುರಿಯುವಾಗ ಮುಖ ಆಚೆ ತಿರುಗಿಸುತ್ತಿದ್ದ.

“ಥೂ, ಈ ನಾತಾನ ಅದೆಂಗ್ ಒಳಗ್ ಬಿಟ್ಕಂತೀಯೋ,” ಎನ್ನುತ್ತಿದ್ದ ಇಳಿದ ಮೇಲೆ.

“ನೀನು ಸುರೀತೀಯ, ನಾನು ಬಿಟ್ಕಂತೀನಿ,” ಎಂದು ನಾನು ನಗುತ್ತಿದ್ದೆ.

ಹೆಸರು ಬಂದ ಕಾಲ ಅದು. ನಮ್ಮ ಹಾಡು ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಗಣಪತಿ ಪೆಂಡಾಲಿನಲ್ಲಿ. ಮದುವೆಗೆ ಹೋದರೆ ಮದುಮಗನೇ ಮಂಟಪದಿಂದೆದ್ದು ಬಂದು ನನ್ನ ಕೈ ಮುಟ್ಟುತ್ತಿದ್ದ. ನನಗೆ ಅದೆಲ್ಲ ಬಹಳ ಇಷ್ಟವಾಗಿತ್ತು. ಇಷ್ಟವಿರಲಿಲ್ಲ ಎಂದು ಈಗ ಸನ್ಯಾಸಿಯ ಹಾಗೆ ಮಾತಾಡಿದರೆ ಸುಳ್ಳಾಗುತ್ತದೆ. ಆದರೆ ವೇದಿಕೆಯ ಮೇಲಿನ ಬಾಟ್ಲಿ ವೇದಿಕೆ ಹತ್ತುವ ಮುನ್ನವೂ ಬೇಕಾಯಿತು, ಆಮೇಲೆ ಮಧ್ಯಾಹ್ನ, ಕಡೆಗೆ ಹಲ್ಲುಜ್ಜುವ ಮುನ್ನ. ಕುಡಿಯದಿದ್ದರೆ ಅಂಗಿಯ ಗುಂಡಿ ಹಾಕಲಾಗದಷ್ಟು ಕೈ ನಡುಗುತ್ತಿತ್ತು, ಕುಡಿದರೆ ಅದೇ ಕೈ ತಾಳ ತಪ್ಪದೆ ಬಾರಿಸುತ್ತಿತ್ತು. ಹೆಂಡದಷ್ಟು ನಯವಾಗಿ ನನಗೆ ಯಾರೂ ಮೋಸ ಮಾಡಿಲ್ಲ. ಔಷಧ ಅದೇ, ರೋಗವೂ ಅದೇ.

ಒಂದು ಕಾರ್ಯಕ್ರಮದಲ್ಲಿ, ಹಾಡಿನ ನಡುವೆಯೇ, ನನಗೆ ಫಿಟ್ಸ್ ಬಂತು. ಡ್ರಮ್ಮುಗಳ ಮೇಲೆ ಬಿದ್ದು ಒದ್ದಾಡಿದೆನಂತೆ, ಡ್ರಮ್ಮಿನ ಜೊತೆಯ ಕಂಚಿನ ತಟ್ಟೆಗಳು ಉರುಳಿ ಝಣಗುಟ್ಟಿದವಂತೆ. ಇದೂ ಆಟವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. “ಎತ್ತು! ಎತ್ತು!” ಎಂದು ಕೂಗಿದರು. ತಿಪ್ಪೇಶನೊಬ್ಬ ಬೇಸ್ ಎಸೆದು ಓಡಿಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ನಿಲ್ಸ್ರೋ, ಚಪ್ಪಾಳೆ ನಿಲ್ಸ್ರೋ” ಎಂದು ಅತ್ತನಂತೆ. ನನಗೆ ನೆನಪಿರುವುದು ಆಸ್ಪತ್ರೆಯ ಸೂರು ಮಾತ್ರ. ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. ಇನ್ನು ಕುಡಿದರೆ ಸಾವು ಎಂದರು.

ಊರಾಚೆಯ ಮದ್ಯಮುಕ್ತಿ ಕೇಂದ್ರಕ್ಕೆ ನನ್ನನ್ನು ಸೇರಿಸಿದವನೂ ತಿಪ್ಪೇಶನೇ. ಅಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು, ತಾವೂ ಒಂದು ಕಾಲಕ್ಕೆ ಚರಂಡಿಯಲ್ಲಿ ಬಿದ್ದೆದ್ದವರು. ಮೊದಲ ದಿನಗಳ ನರಕವನ್ನು ನಾನು ವರ್ಣಿಸುವುದಿಲ್ಲ. ಗೋಡೆಯಿಂದ ಹುಳ ಇಳಿದು ಬರುತ್ತವೆಂದು ಕಿರುಚಿ ಮಂಚದ ಕೆಳಗೆ ಅಡಗಿದ ಮನುಷ್ಯ ನಾನೇ ಎಂದರೆ ಸಾಕು. ಕೈ ಸ್ವಲ್ಪ ಹತೋಟಿಗೆ ಬಂದ ಮೇಲೆ ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳಿದರು.

“ನಿಮಗೆ ಬಾಟ್ಲಿ ಕೊಡ್ತಿದ್ದ ಕೈ ಯಾವುದು, ಹೇಳಿ ನೋಡೋಣ.”

“ಯಾರೂ ಕೊಡ್ಲಿಲ್ಲ ಮೇಷ್ಟ್ರೇ, ನಾನೇ ಕುಡಿದೆ.”

“ಅದು ಸರಿ. ಆದ್ರೂ ಒಂದು ಕೈ ಇರುತ್ತೆ. ನೆನಪು ಮಾಡ್ಕೊಳ್ಳಿ. ಮನಸ್ಸು ಗಟ್ಟಿಯಾಗೋವರೆಗೂ ಅದನ್ನ ದೂರ ಇಡಿ.”

ನನಗೆ ಕಂಡ ಕೈ ತಿಪ್ಪೇಶನದು. ಅವನನ್ನು ಒಳಗೆ ಬಿಡಬೇಡಿ ಎಂದು ಹೇಳಿ ಕಳಿಸಿದೆ. ಕಾರಣವನ್ನೂ ಹೇಳಿಸಿದೆ. ಅವನು ಪ್ರತಿ ಭಾನುವಾರ ಬಂದು ಗೇಟಿನ ಹೊರಗೆ ನಿಂತಿರುತ್ತಿದ್ದ. ಮಹಡಿಯ ಕಿಟಕಿಯಿಂದ ಅವನ ನೆತ್ತಿ ಕಾಣುತ್ತಿತ್ತು. ತಂದ ಹಣ್ಣನ್ನು ಕಾವಲುಗಾರನ ಕೈಗೆ ಕೊಟ್ಟು, ತನ್ನ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತೂರಿಸಿಕೊಂಡು ಹೊರಟುಹೋಗುತ್ತಿದ್ದ.

ಹೊರಗೆ ಬಂದವನಿಗೆ ಬದುಕಲು ಡ್ರಮ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ತಗಡು ಮತ್ತೆ ವೇದಿಕೆ ಹತ್ತುತ್ತದೆಂದು ಊರೆಲ್ಲ ಪೋಸ್ಟರ್ ಅಂಟಿದವು. ಬಾಟ್ಲಿ ಬೇಡವೆಂದು ಡೆನ್ಜಿಲ್ ಕೈಮುಗಿದು ಎಲ್ಲರಿಗೂ ಹೇಳಿದ, ಗೇಟಿನಲ್ಲಿ ತಪಾಸಣೆ ಮಾಡಿಸಿದ. ಕೊನೆಯ ಹಾಡಿಗೆ ಬಂದೆವು. ನಾನು ತಿಪ್ಪೇಶನ ಪಾದವನ್ನು ನೋಡುತ್ತಾ ಬಾರಿಸುತ್ತಿದ್ದೆ. ಯಾರೋ ಒಬ್ಬ “ಎತ್ತು!” ಎಂದ. ಇನ್ನೊಬ್ಬ ಎಂದ. ಆಮೇಲೆ ಇಡೀ ಮೈದಾನ. ಕತ್ತೆತ್ತಿದರೆ ಅದು ಬರುತ್ತಿತ್ತು, ತಲೆಗಳ ಮೇಲೆ, ತೂಗಾಡುತ್ತಾ.

ಆಗ ನನಗೇನಾಯಿತೆಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಾಯಲ್ಲಿ ನೀರೂರಿತು. ಮೇಷ್ಟ್ರು, ಡಾಕ್ಟರು, ಗೋಡೆಯ ಹುಳ ಎಲ್ಲ ಮರೆತುಹೋಯಿತು. ಹಳೆಯ ರೂಢಿಯಂತೆ ತಲೆ ತಾನಾಗಿ ಹಿಂದಕ್ಕೆ ವಾಲಿತು, ಬಾಯಿ ತೆರೆಯಿತು. ತಿಪ್ಪೇಶ ಎಡಗೈ ಚಾಚಿ ಬಾಟ್ಲಿ ಇಸಿದುಕೊಂಡ. ಎರಡು ಹೆಜ್ಜೆ ಹಿಂದೆ ಬಂದ. ನನ್ನ ತೆರೆದ ಬಾಯನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬಾಟ್ಲಿಯನ್ನು ತನ್ನ ಬಾಯಿಗೇ ಎತ್ತಿದ.

ಜನ ಹಿಂದೆಂದೂ ಕೂಗದಷ್ಟು ಕೂಗಿದರು. ಅವರಿಗೆ ಯಾವ ಬಾಯಿಯಾದರೂ ಆಗುತ್ತಿತ್ತು.

ಇಳಿದು ಬಂದ ಮೇಲೆ ಲಾರಿಯ ಹಿಂದೆ ಅವನು ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡ. ನಾನು ಬೆನ್ನು ನೀವಿದೆ.

“ಯಾಕೋ ಹಂಗ್ ಮಾಡ್ದೆ?”

“ಮತ್ತೇನ್ ಮಾಡ್ಲಿ? ನೀನಾಗ್ಲೇ ಬಾಯಿ ತೆಗ್ದಿದ್ದೆ,” ಎಂದ, ಬಾಯಿ ಒರೆಸಿಕೊಳ್ಳುತ್ತಾ. “ಕೊಟ್ ಕೈ ಯಾವ್ದು ಅಂತ ನೀನೇ ಹೇಳ್ಕಳ್ಸಿದ್ದಲ್ಲ. ಆ ಕೈಯಾಗೆ ಇನ್ನೊಂದ್ಸಲ ನಿಂಗೆ ಸುರಿಯಲ್ಲ ಬಿಡು. ಒಂದ್ ಬಾಟ್ಲಿ ತಾನೆ. ಸತ್ತೋಗಲ್ಲ ನಾನು.”

ನಾನು ನಿರಾಳವಾದೆ. ಅವನನ್ನು ಅಪ್ಪಿಕೊಂಡೆ.

ನಂತರದ ವರ್ಷಗಳಲ್ಲಿ ನನ್ನ ಮೆರವಣಿಗೆಯೇ ಮೆರವಣಿಗೆ. ಕುಡಿತ ಗೆದ್ದ ಡ್ರಮ್ಮರ್ ಎಂದು ಪತ್ರಿಕೆಗಳು ಬರೆದವು. ಕಾಲೇಜುಗಳಲ್ಲಿ ಶಾಲು ಹೊದೆಸಿ ಭಾಷಣ ಮಾಡಿಸಿದರು. ದೃಢ ಸಂಕಲ್ಪ, ಇಚ್ಛಾಶಕ್ತಿ ಎಂದೆಲ್ಲ ನಾನೂ ಪುಂಖಾನುಪುಂಖವಾಗಿ ಮಾತಾಡಿದೆ. ಸಂಜೆಯ ಕಾರ್ಯಕ್ರಮದಲ್ಲಿ ಬಾಟ್ಲಿ ಬರುತ್ತಿತ್ತು, ತಿಪ್ಪೇಶ ಎತ್ತುತ್ತಿದ್ದ. ಈಗ ಮುಖ ತಿರುಗಿಸುತ್ತಿರಲಿಲ್ಲ.

ಬೇರೆ ಯಾರಿಗೂ ತಿಳಿಯುವ ಮೊದಲು ನನಗೆ ತಿಳಿಯಿತು. ಅವನ ಬೇಸ್ ಹಿಂದೆ ಬೀಳುತ್ತಿತ್ತು. ಕೂದಲೆಳೆಯಷ್ಟು ತಡ. ಕೇಳುವವರ ಕಿವಿಗೆ ಅದು ಬೀಳುವಂಥದಲ್ಲ, ನೊಗಕ್ಕೆ ಮಾತ್ರ ಗೊತ್ತಾಗುವಂಥದು. ನಾನು ಏನು ಮಾಡಿದೆ? ಅವನ ಪಾದ ನೋಡಿಕೊಂಡು ನನ್ನ ತಾಳವನ್ನೇ ಅಷ್ಟಷ್ಟು ನಿಧಾನ ಮಾಡಿದೆ. ಅವನ ಮಾನ ಉಳಿಸುತ್ತಿದ್ದೇನೆ ಎಂದುಕೊಂಡೆ. ಅವನು ಇನ್ನಷ್ಟು ತಡವಾದ, ನಾನು ಇನ್ನಷ್ಟು ನಿಧಾನವಾದೆ. ಜೊತೆಗಾರನ ತಪ್ಪನ್ನು ತಾಳದಲ್ಲಿ ಅಡಗಿಸುವುದು ಡ್ರಮ್ಮರನ ಧರ್ಮವೆಂದೇ ನಾವು ಕಲಿತದ್ದು. ಹಾಗೆ ಅಡಗಿಸುತ್ತಾ ಅಡಗಿಸುತ್ತಾ ಅವನ ಕಾಯಿಲೆಯನ್ನು ಊರಿಗೂ ಅವನ ಹೆಂಡತಿಗೂ ಗೊತ್ತಾಗದಂತೆ ಸಾಕಿದೆ.

“ಹಾಡುಗಳು ಯಾಕೋ ಎಳೀತಾ ಇವೆಯಲ್ಲ,” ಎಂದ ಡೆನ್ಜಿಲ್ ಒಂದು ದಿನ. “ನಮಗೆ ವಯಸ್ಸಾಯ್ತಾ?”

ಅದೇ ವಾರ ಬಿಸಿಲಲ್ಲಿ ತಿಪ್ಪೇಶನ ಕಣ್ಣು ನೋಡಿದೆ. ಅರಿಶಿನ ತೊಳೆದ ನೀರಿನ ಬಣ್ಣ. ಗೋದಾಮಿನ ಬಾಗಿಲು ಹಾಕಿಕೊಂಡು ಅವನೆದುರು ಕೂತೆ.

“ನಾಳೆ ಮೇಷ್ಟ್ರ ಹತ್ರ ಹೋಗಣ. ನಾನೇ ಜೊತೆಗಿರ್ತೀನಿ.”

“ಆಯ್ತು, ಹೋಗ್ತೀನಿ,” ಎಂದ. “ನಾನ್ ಅಲ್ಲಿರೋವಾಗ ಬಾಟ್ಲಿ ಬರ್ತದಲ್ಲ, ಯಾರ್ ಇಸ್ಕಂತಾರೆ?”

“ಯಾರೋ ಇಸ್ಕೊಳ್ಳಲಿ. ಬೀಳಲಿ.”

“ಬೀಳಲ್ಲ ಅದು. ಇಷ್ಟ್ ವರ್ಷದಾಗ ಒಂದ್ಸಲನಾದ್ರೂ ಬಿದ್ದೈತಾ?” ಅವನು ನಕ್ಕ. ನಡುಗುವ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದ. “ನೀನ್ ಪ್ರತೀ ಸಲ ಬಾಯಿ ತೆಗೀತಿ. ನಿಂಗ್ ಗೊತ್ತಿಲ್ಲ. ಇವತ್ತಿಗೂ ಅದು ಬರಾದ್ ಕಂಡ್ರೆ ನಿನ್ ತಲೆ ಹಿಂದಕ್ ವಾಲ್ತದೆ, ಬಾಯಿ ತೆಗೀತಿ. ಎದ್ರಿಗ್ ನಿಂತಿರೋನು ನಾನಲ್ವಾ?”

ನನ್ನ ಶಾಲುಗಳು, ಭಾಷಣಗಳು, ಇಚ್ಛಾಶಕ್ತಿ, ಎಲ್ಲ ಆ ತಗಡಿನ ಮಾಡಿನ ಕೆಳಗೆ ಕುಸಿದುಬಿದ್ದವು. ನಾನು ಏನನ್ನೂ ಗೆದ್ದಿರಲಿಲ್ಲ. ನನ್ನ ಬಾಯಿಗೂ ಬಾಟ್ಲಿಗೂ ನಡುವೆ ಒಬ್ಬ ಮನುಷ್ಯ ನಿಂತಿದ್ದ, ಅಷ್ಟೆ.

ಅಂದೇ ತಂಡ ಬಿಟ್ಟೆ. ಡ್ರಮ್ಮುಗಳನ್ನು ಮಾರಿದೆ. ನಾನಿಲ್ಲದಿದ್ದರೆ ಅವನಿಗೂ ಕಾರಣವಿರುವುದಿಲ್ಲ ಎಂಬುದು ನನ್ನ ಲೆಕ್ಕ. ಡೆನ್ಜಿಲ್ ಸಿಟ್ಟಿನಿಂದ ಮಾತು ಬಿಟ್ಟ, ತಗಡು ಚೆದುರಿಹೋಯಿತು. ತಿಪ್ಪೇಶ ಮೇಷ್ಟ್ರ ಬಳಿ ಹೋದ, ಓಡಿಬಂದ, ಮತ್ತೆ ಹೋದ. ಅವನು ಒಳಗಿದ್ದಾಗ ಭಾನುವಾರಗಳಲ್ಲಿ ನಾನು ಗೇಟಿನ ಹೊರಗೆ ನಿಂತೆ. ಆದರೆ ಅವನ ಕೈಗೆ ಆ ಹೊತ್ತಿಗೆ ವೇದಿಕೆಯೂ ಬೇಕಿರಲಿಲ್ಲ, ಜನರೂ ಬೇಕಿರಲಿಲ್ಲ. ಬೀದಿ ಕೊನೆಯ ಅಂಗಡಿ ಸಾಕಾಗಿತ್ತು.

ಇನ್ನೇನೂ ಮಾಡುವಂತಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದಾಗ ಅವನ ಹೊಟ್ಟೆ ಮಾತ್ರ ಉಬ್ಬಿ, ಉಳಿದದ್ದೆಲ್ಲ ಕಡ್ಡಿಯಾಗಿತ್ತು. ಒಂದು ಮಧ್ಯಾಹ್ನ ಹೇಳಿ ಕಳಿಸಿದರು. ಓಡಿಹೋದೆ. ನಡುಮನೆಯ ತುಂಬ ನೆಂಟರು, ಕಾಲಿಡಲು ಜಾಗವಿಲ್ಲ. ನನ್ನನ್ನು ಕಂಡವರು ಹೇಗೋ ದಾರಿ ಬಿಟ್ಟು ಅವನ ತಲೆಯ ಬಳಿ ಕೂರಿಸಿದರು. ಉಸಿರು ಎಳೆಯುತ್ತಿತ್ತು. ಎಡಗೈ ಹೊದಿಕೆಯ ಹೊರಗಿತ್ತು.

“ಬಾಯಿಗೆ ನೀರು ಬಿಡ್ರಪ್ಪ,” ಎಂದರು ಯಾರೋ ಹಿರಿಯರು.

ಅಡಿಗೆಮನೆಯಿಂದ ಹಿತ್ತಾಳೆಯ ಚೊಂಬು ಹೊರಟಿತು. ನಡೆದು ತರಲು ದಾರಿಯಿರಲಿಲ್ಲವಾದ್ದರಿಂದ ಅದನ್ನು ಕೂತವರ ತಲೆಗಳ ಮೇಲೆ ಕೈಯಿಂದ ಕೈಗೆ ದಾಟಿಸಿದರು. ನಾನು ಅದನ್ನೇ ನೋಡುತ್ತಿದ್ದೆ. ಒಂದು ಹನಿ ಚೆಲ್ಲಲಿಲ್ಲ. ಹತ್ತಿರದವರೆಲ್ಲ ಒಂದೊಂದು ಚಮಚ ಬಿಟ್ಟರು. ಕಡೆಗೆ ಅದು ತಿಪ್ಪೇಶನ ಹೆಂಡತಿ ಸರ್ವಮಂಗಳಳ ಕೈಗೆ ಬಂತು. ಅವಳ ಪಕ್ಕ ಉಳಿದವನು ನಾನೊಬ್ಬನೆ. ಅವಳು ತಾನು ಬಿಟ್ಟು, ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ನನ್ನನ್ನು ನೋಡಲಿಲ್ಲ.

“ತಗಳ್ರಿ ಅಣ್ಣ,” ಎಂದಳು ಕೊನೆಗೆ, ಚೊಂಬನ್ನು ನನ್ನ ಕಡೆ ಸರಿಸಿ. “ನೀವೂ ಬಿಡ್ರಿ. ನಿಮ್ ಪಾಲಿಂದನೂ ಅವ್ರೇ ಕುಡ್ದಾರೆ.”

ನನ್ನ ಕೈ ನಡುಗಿತು. ಇದಕ್ಕೆ ಔಷಧವಿರಲಿಲ್ಲ. ಚೊಂಬನ್ನು ತೊಡೆಯ ಮೇಲಿಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಒಂದು ಚಮಚ ನೀರನ್ನು ಅವನ ತೆರೆದ ಬಾಯಿಗೆ ಬಿಟ್ಟೆ. ಗಂಟಲು ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಲೆಂದು ನಾನು ಕಾದೆ. ತಾಳಕ್ಕೆ ಕಾಯುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ನೀರು ಬಾಯಿಯ ಅಂಚಿನಿಂದ ಹೊರಗೆ ಇಳಿದು ದಿಂಬನ್ನು ತೋಯಿಸಿತು.

ಸರ್ವಮಂಗಳ ಅವನ ಕಣ್ಣು ಮುಚ್ಚಿದಳು. ಯಾರೋ ನನ್ನ ತೊಡೆಯ ಮೇಲಿಂದ ಚೊಂಬನ್ನು ಎತ್ತಿಕೊಂಡರು. ಅದು ಬಂದ ದಾರಿಯಲ್ಲೇ, ತಲೆಗಳ ಮೇಲೆ, ಅದೇ ಕೈಗಳನ್ನು ದಾಟುತ್ತಾ ಅಡಿಗೆಮನೆಗೆ ವಾಪಸು ಹೋಯಿತು.