ಎರಡನೆಯ ಸಭೆ

ನೀರು ಸರಬರಾಜು ಕಚೇರಿಯಲ್ಲಿ ಗುಡ್ಡದವರ ಭಾಷೆ ಬಲ್ಲವಳು ದುಭಾಷಿ ಒಬ್ಬಳೇ. ಗುಡ್ಡದವರು ಅಲ್ಲಿನ ಮೂಲನಿವಾಸಿಗಳು, ಪೇಟೆ ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಇದ್ದವರು. ಅವಳೂ ಅಲ್ಲಿಯವಳೇ, ತಾಯಿ ತೀರಿಕೊಂಡ ಮೇಲೆ ದೊಡ್ಡಮ್ಮನ ಕೈತುತ್ತು ತಿಂದು ಬೆಳೆದವಳು. ಎರಡೂ ಕಡೆಗೆ ಬೇಕಾದವಳೆಂದು ಮೇಲಧಿಕಾರಿಗಳು ಹೊಗಳುತ್ತಿದ್ದರು. ಹೊಗಳಿಕೆಗೇನು, ಬಿಟ್ಟಿ ಸಿಗುತ್ತದೆ.

ಮೂರು ತಿಂಗಳ ಹಿಂದೆ ಇಂಜಿನಿಯರು ಹಿರಿಯರನ್ನು ಕರೆಸಿ, ನಕ್ಷೆ ಹರಡಿ, ಪೈಪು ಪೂರ್ವದ ಇಳಿಜಾರಿನಲ್ಲಿ ಹೋಗುತ್ತದೆ, ತಕರಾರು ಇದೆಯೇ ಎಂದು ಕೇಳಿದ್ದರು. ಹಿರಿಯರು ತುಟಿ ಪಿಟಕ್ಕೆನ್ನಲಿಲ್ಲ. ಗುಡ್ಡದ ರೀತಿಯೇ ಹಾಗೆ: ದೊಡ್ಡ ವಿಷಯವನ್ನು ಮೊದಲ ದಿನ ಬರೀ ಕೇಳಿಸಿಕೊಂಡು, ಮನೆಮನೆಯಲ್ಲೂ ಮಾತಾಡಿ, ಎರಡನೆಯ ಸಲ ಕೂತಾಗ ಉತ್ತರ ಕೊಡುತ್ತಾರೆ. ತಟಕ್ಕನೆ ಉತ್ತರಿಸುವವನು ಅಲ್ಲಿ ಹಗುರ ಮನುಷ್ಯ. ಕಚೇರಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿ? 'ತಕರಾರು ಇಲ್ಲ' ಎಂದು ನಡಾವಳಿ ಬರೆದು ದುಭಾಷಿಯ ಸಹಿಗೆಂದು ಅವಳ ಮುಂದೆ ಚಾಚಿದರು. ಆ ಮೌನ ಒಪ್ಪಿಗೆಯಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಊಟದ ಹೊತ್ತು ಮೀರಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಅವಳ ಅಭಿಪ್ರಾಯ ಯಾರೂ ಕೇಳಿರಲಿಲ್ಲ. ಸಹಿ ಹಾಕಿದಳು.

ಆ ಇಳಿಜಾರಿನಲ್ಲಿ ಗುಡ್ಡದವರು ಸತ್ತವರನ್ನು ಹೂಳುತ್ತಿದ್ದರು. ಯಂತ್ರ ಅರ್ಧ ದಿನದಲ್ಲಿ ಒಂಬತ್ತು ಗೋರಿ ಕಿತ್ತಿತು. ಒಂದು ಅವಳ ತಾಯಿಯದು.

ಸುದ್ದಿ ಕೇಳಿ ಅಳು ಬರಲಿಲ್ಲ. ಕಚೇರಿಗೆ ಬರುವಳು, ಕಾಗದ ಅನುವಾದಿಸುವಳು, ಹೋಗಿ ಮಲಗುವಳು. ದೊಡ್ಡಮ್ಮ ಅವಳ ಜೊತೆ ಮಾತು ಬಿಟ್ಟಿದ್ದಳು. ಬಾಯಿ ತುಂಬ ಬೈದಿದ್ದರೂ ಸಾಕಿತ್ತು, ಮತ್ತೆ ಸೇರಿಸಿಕೊಳ್ಳುತ್ತಾಳೆಂಬ ಆಸೆಯಾದರೂ ಉಳಿಯುತ್ತಿತ್ತು.

ಕಳೆದ ವಾರ ಇಂಜಿನಿಯರು ತಾವೇ ಏದುಸಿರು ಬಿಡುತ್ತ ಗುಡ್ಡ ಹತ್ತಿ ತಪ್ಪೊಪ್ಪಿಕೊಂಡರು. ಕೆಲಸ ನಿಲ್ಲಿಸಿದ್ದೇವೆ, ಇನ್ನು ಎರಡು ಸಲ ಕೂರದೆ ಏನೂ ಬರೆಯುವುದಿಲ್ಲ ಎಂದರು. ಉತ್ತರಕ್ಕೆ ಅವಸರಪಡಿಸದೆ ಇಳಿದು ಬಂದರು. ಇವತ್ತು ಆ ಉತ್ತರ ಹೊತ್ತು ದೊಡ್ಡಮ್ಮ, ಇಬ್ಬರು ಹಿರಿಯರ ಜೊತೆ, ಕಚೇರಿಯ ಉದ್ದ ಮೇಜಿನ ಮುಂದೆ ಕೂತಿದ್ದಳು. ಇಂಜಿನಿಯರು ಪೆನ್ನಿನ ಮುಚ್ಚಳ ತೆಗೆಯದೆ ಕಾದರು.

ದೊಡ್ಡಮ್ಮ ತಮ್ಮ ಭಾಷೆಯಲ್ಲಿ ಅವಳಿಗೆ ಹೇಳಿದಳು, "ಇವರ ಜೊತೆ ಕೆಲಸ ಮಾಡ್ತೀವಿ ಅಂತ ಹೇಳು. ಪೈಪು ಎಲ್ಲಿ ಹೋಗ್ಬೇಕು ಅಂತ ನಾವೇ ಜೊತೇಲಿ ನಡೆದು ತೋರಿಸ್ತೀವಿ. ಇವರಿಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೋರಿಗೆ ಕಲಿಸ್ಬಹುದು."

ಅವಳು ಅನುವಾದಿಸಿದಳು. ಇಂಜಿನಿಯರು ಉಸಿರು ಬಿಟ್ಟರು.

"ಗೊತ್ತಿದ್ದೂ ಸುಮ್ನಿದ್ದೋಳಿಗೆ ಏನು ಕಲಿಸೋದು? ನಮಗೆ ಬೇರೆ ದುಭಾಷಿ ಬೇಕು. ಇದನ್ನೂ ಹೇಳು," ಎಂದಳು ದೊಡ್ಡಮ್ಮ.

ಒಂದಕ್ಷರ ಬಿಡದೆ, ದನಿ ಏರಿಸದೆ ಇಳಿಸದೆ ಅದನ್ನೂ ಹೇಳಿದಳು.

"ಯಾರ ಬಗ್ಗೆ ಹೇಳ್ತಿದಾರೆ ಇವರು?" ಇಂಜಿನಿಯರಿಗೆ ತಲೆಬುಡ ತಿಳಿಯಲಿಲ್ಲ.

"ನನ್ನ ಬಗ್ಗೆ ಸರ್," ಎಂದಳು. "ಇವರು ನನ್ನ ಸಾಕಿದ ದೊಡ್ಡಮ್ಮ."