ಪೆಡಲ್ ಮೇಲಿನ ಕಾಲು

ಎರ್ಮಾಳಿನ ಜಿತೇಶ್ ಮತ್ತು ಶಂಕರಪುರದ ಜೋವಿನ್ ಕೋಸ್ಟ್ ಗಾರ್ಡ್ ಹಡಗಿನ ಒಂದೇ ಬೋಫೋರ್ಸ್ ತೋಪಿನ ಕೆಲಸಕ್ಕಿದ್ದರು. ವಿಮಾನ ಉರುಳಿಸಲೆಂದು ಅವರ ಅಜ್ಜಂದಿರ ಕಾಲದಲ್ಲಿ ಮಾಡಿದ ತೋಪು. ನಾಲ್ಕು ಶೆಲ್‌ಗಳ ಕಟ್ಟನ್ನು ಜೋವಿನ್ ಮೇಲಿನಿಂದ ತುಂಬಬೇಕು. ಜಿತೇಶ್ ಗುರಿ ಹಿಡಿದು ಪೆಡಲ್ ತುಳಿಯಬೇಕು. ತುಳಿದಷ್ಟು ಹೊತ್ತೂ ಅದು ತಾನಾಗಿ ಹೊಡೆಯುತ್ತಲೇ ಇರುತ್ತದೆ.

ಲಕ್ಷದ್ವೀಪದಾಚೆ ಕಡಲ್ಗಳ್ಳರು ಒಂದು ಮೀನುಗಾರಿಕಾ ಬೋಟನ್ನು ಹಿಡಿದಿದ್ದರು. ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ. ಜಿತೇಶ್ ಬೋಟಿನ ಮುಂದೆ ನೀರಿಗೆ ಹೊಡೆದ. ನೀರು ತೆಂಗಿನ ಮರದೆತ್ತರ ಎದ್ದಿತು.

"ಹೆದರಿದರು ಮಾರಾಯ," ಎಂದು ಜೋವಿನ್ ಮುಂದಿನ ಕಟ್ಟನ್ನು ತುಂಬಿ ನೆಟ್ಟಗಾದ. ಅಷ್ಟರಲ್ಲಿ ಬೋಟಿನಿಂದ ಬಂದೂಕು ಸಿಡಿಯಿತು. ಕಬ್ಬಿಣಕ್ಕೆ ಬಡಿದ ಗುಂಡುಗಳ ನಡುವೆ ಒಂದು ಜೋವಿನ್‌ನ ಕುತ್ತಿಗೆಯನ್ನು ಸೀಳಿತು. ಬಿಸಿ ರಕ್ತ ಜಿತೇಶನ ಮುಖಕ್ಕೂ ಗುರಿಯ ಗಾಜಿಗೂ ಚಿಮ್ಮಿತು.

"ಜೋವಿನ್!"

ಬಿದ್ದವನ ಬೂಟು ಡೆಕ್ಕಿಗೆ ಬಡಿಯುವ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು.

ಜಿತೇಶ್ ತೋಳಿನಿಂದ ಗಾಜು ಒರೆಸಿದ. ಬಂದೂಕು ಇನ್ನೂ ಇತ್ತಲೇ ಹಿಡಿದಿದ್ದ ಕೊಂದವನು ಗಾಜಿನಲ್ಲಿ ಕಂಡ; ಹಳದಿ ಬನಿಯನ್ ಹಾಕಿದ್ದ. ಜಿತೇಶನ ಕಾಲು ಪೆಡಲ್ ಮುಟ್ಟಿತು. ಆಗಲೇ ಹಳದಿ ಬನಿಯನ್‌ನವನು ಕೈ ಕಟ್ಟಿಹಾಕಿದ್ದ ಮೀನುಗಾರರನ್ನು ಕೂದಲು ಹಿಡಿದೆಳೆದು ತನ್ನ ಮುಂದೆ ನಿಲ್ಲಿಸಿಕೊಂಡ. ಅವರಲ್ಲೊಬ್ಬ ಬಾಯಿ ತೆರೆದು ಕೂಗುತ್ತಿದ್ದ.

ಎಂಜಿನ್‌ಗೆ ಮಾತ್ರ ಹೊಡೆಯಲು ಮೇಲಿನಿಂದ ಆಜ್ಞೆ ಬಂತು.

ಜಿತೇಶ್ ಹಲ್ಲು ಕಚ್ಚಿ ತೋಪನ್ನು ಬೋಟಿನ ಹಿಂಬದಿಗೆ ತಿರುಗಿಸಿ ತುಳಿದ. ನಾಲ್ಕು ಶೆಲ್‌ಗಳು ಒಂದರ ಹಿಂದೊಂದು ಹೋದವು. ಎಂಜಿನ್ ಛಿದ್ರವಾಯಿತು. ಅದರ ಪಕ್ಕ ಬಂದೂಕು ಹಿಡಿದು ನಿಂತಿದ್ದ ಇನ್ನೊಬ್ಬನ ಸೊಂಟದಿಂದ ಮೇಲೆ ಏನೂ ಉಳಿಯಲಿಲ್ಲ. ಹಳದಿ ಬನಿಯನ್‌ನವನು ಬಂದೂಕು ಎಸೆದು ಕೈ ಎತ್ತಿದ.

ಮಗನನ್ನು ಮಣ್ಣು ಮಾಡಿದ ಮರುದಿನ ಜೋವಿನ್‌ನ ತಾಯಿ ರೋಸಿಬಾಯಿ ಮನೆಗೆ ಬಂದ ಜಿತೇಶನನ್ನು ಅಂಗಳದಲ್ಲೇ ತಡೆದು ಕೇಳಿದರು.

"ಕೊಂದವನು ಸತ್ತನಾ?"

"ಇಲ್ಲ ಬಾಯಮ್ಮ. ಜೈಲಿನಲ್ಲಿದ್ದಾನೆ."

"ಅಷ್ಟು ದೊಡ್ಡ ತೋಪು ನಿನ್ನ ಕೈಯಲ್ಲೇ ಇತ್ತು ಅಲ್ವಾ? ಎಂತಕ್ಕೆ ಹೊಡೆಯಲಿಲ್ಲ?"

"ಬೋಟಿನ ಮೀನುಗಾರರನ್ನು ಅಡ್ಡ ನಿಲ್ಲಿಸಿದ್ದ."

ರೋಸಿಬಾಯಿ ಅವನ ಕೆನ್ನೆಗೆ ಹೊಡೆದರು. ಇನ್ನೊಮ್ಮೆ ಹೊಡೆದರು. ತುಟಿ ಒಡೆದು ರಕ್ತ ಬಂದರೂ ಅವನು ಕದಲಲಿಲ್ಲ. ಮತ್ತೆ ಎತ್ತಿದ ಕೈಯನ್ನು ಹೊಡೆಯದೆ ಇಳಿಸಿದರು.

"ಆ ಬೋಟಿನವರೆಲ್ಲ ಮನೆಗೆ ಹೋದರಾ?"

"ಹೋದರು ಬಾಯಮ್ಮ."

"ಹಾಗಾದರೆ ನೀನೂ ಹೋಗು."

ಬಾಗಿಲು ಮುಚ್ಚಿತು. ಆಮೇಲೆ ಒಳಗಿನಿಂದ ಅವರ ಅಳು ಕೇಳಿತು. ಶವಪೆಟ್ಟಿಗೆ ಬಂದಾಗಲೂ ಅವರು ಅತ್ತಿರಲಿಲ್ಲ. ಜಿತೇಶ್ ಹೋಗಲಿಲ್ಲ. ಅಳು ನಿಲ್ಲುವ ತನಕ ಮೆಟ್ಟಿಲ ಮೇಲೆ ಕುಳಿತಿದ್ದ.