ಗುಲಾಬಿಗೆ ಕ್ಷೌರ

“ಹೆಂಡ್ತಿ ಸೆರಗಿನಡಿ ಬೆಚ್ಚಗೆ ಕೂತ್ರೆ ರೋಗ ಬರಲ್ವೇನೋ? ಕತ್ತರಿ ಬಿಸಾಕಿ ಬಳೆ ತೊಟ್ಕೋ ಹೋಗು!”

ಹಾಲಿನಂಗಡಿಯ ಮುಂದೆ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ವೆಲ್ಡಿಂಗ್‌ನವನು ಕ್ಷೌರದಂಗಡಿಯವನಿಗೆ ಅಂದ ಮಾತಿದು. ಸಾಲು ಗೊಳ್ಳೆಂದು ನಕ್ಕಿತು. ನಕ್ಕವರ ಮಾಸ್ಕುಗಳೆಲ್ಲ ಗದ್ದದ ಕೆಳಗೇ ಇದ್ದವು.

ಅದು ಮಹಾಮಾರಿಯ ವರ್ಷ. ಕ್ಷೌರದಂಗಡಿಗೆ ಬೀಗ ಬಿದ್ದಿತ್ತು. ವೆಲ್ಡಿಂಗ್ ಶೆಡ್ಡಿನಲ್ಲೂ ಕೆಲಸವಿರಲಿಲ್ಲ. ಆದರೆ ದಿನಾ ಮಧ್ಯಾಹ್ನ ಶಟರ್ ಪೂರ್ತಿ ಎಳೆದುಕೊಂಡು ಒಳಗೆ ಕೇರಂ ನಡೆಯುತ್ತಿತ್ತು. ಕ್ಷೌರದವನಷ್ಟು ಗುರಿಯಿಟ್ಟು ಹೊಡೆಯುವವ ಆ ಬೀದಿಯಲ್ಲಿ ಇನ್ನೊಬ್ಬನಿಲ್ಲ. ಅವನೇ ಬರುತ್ತಿಲ್ಲವೆಂದು ಆಡುವವರಿಗೆ ಉರಿ.

ಮನೆಗೆ ಬಂದ ಕ್ಷೌರದವನು ಹಾಲಿನ ಪಾತ್ರೆ ಕುಕ್ಕಿದ. “ಇವತ್ತು ಶೆಡ್ಡಿಗೆ ಆಟಕ್ಕೆ ಹೋಗೇ ಹೋಗ್ತೀನಿ. ಗೋಡೆ ನೋಡ್ಕೊಂಡು ಇನ್ನೆಷ್ಟು ದಿನ ಕೂರ್ಲಿ?”

ಒಳಗೆ ಅವನ ತಾಯಿ ಕೆಮ್ಮಿದಳು. ಉಬ್ಬಸದ ಜೀವ. ಕೋಣೆಯಿಂದ ಬಾಗಿಲಿಗೆ ಬರಲೂ ಗೋಡೆ ಹಿಡಿಯಬೇಕು. ಅವಳನ್ನು ವಿಚಾರಿಸಲು ಬಂದ ನರ್ಸಕ್ಕ ಹೊಸ್ತಿಲಾಚೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು.

“ಆ ಶೆಡ್ಡಿಗೆ ಕಿಟಕಿ ಇದೆಯೇನಪ್ಪ?”

“ಇಲ್ಲ.”

“ಬಾಯಿ ಮುಚ್ಕೊಂಡು ಆಡ್ತೀರಾ?”

“ಕೇರಂ ಅಕ್ಕ ಅದು! ಕೂಗ್ದೆ ಇದ್ರೆ ಏನು ಮಜಾ?”

“ಅದೇ ಮತ್ತೆ. ಒಬ್ಬ ಬಿಟ್ಟ ಉಸಿರನ್ನ ಮಿಕ್ಕೋರೆಲ್ಲ ಎಳ್ಕೊಳ್ತೀರಿ.”

“ಅವ್ರೆಲ್ಲ ಗುಂಡುಕಲ್ಲಿನ ಹಾಗಿದಾರೆ. ಒಬ್ಬನಿಗೂ ಸೀನಿಲ್ಲ.”

“ಸೀನದೇ ಇರೋನಿಂದ್ಲೂ ಹರಡತ್ತೆ. ನಿಂಗೇನೂ ಆಗ್ದೆ ಇರಬಹುದು. ನೀನು ತಂದಿದ್ದನ್ನ ನಿಮ್ಮಮ್ಮ ತಡ್ಕೋತಾರಾ?”

ಅವನು ತಲೆ ತಗ್ಗಿಸಿದ. “ಸುಮ್ನೆ ಕೂತ್ರೆ ತಲೆ ಕೆಡತ್ತಕ್ಕ. ಕೈ ತುರಿಸತ್ತೆ.”

“ಸುಮ್ನೆ ಕೂರು ಅಂದೋರ್ಯಾರು? ಕೈಗೆ ಏನಾದ್ರೂ ಕೆಲಸ ಕೊಡು.”

ಅವಳು ಹೋದ ಮೇಲೆ ಅವನ ಕಣ್ಣು ಮೆಟ್ಟಿಲ ಮೇಲಿನ ಗುಲಾಬಿ ಕುಂಡಕ್ಕೆ ಬಿತ್ತು. ಹೆಂಡತಿಯ ಗಿಡ. ಅಡ್ಡಾದಿಡ್ಡಿ ಬೆಳೆದಿತ್ತು. ಕತ್ತರಿ, ಬಾಚಣಿಗೆ ತಂದ. ಬದಿ ಇಳಿಸಿದ, ನೆತ್ತಿ ಸಮ ಮಾಡಿದ, ಟವೆಲ್ ಒದರಿ ಹಿಂದೆ ಸರಿದು ನೋಡಿದ.

“ರೀ! ಮೊಗ್ಗೆಲ್ಲ ಎಲ್ರೀ?” ಹೆಂಡತಿ ಚೀರಿದಳು.

“ಲೆವೆಲ್ ಬರ್ಲಿಲ್ಲ, ತೆಗ್ದೆ.”

ಗದ್ದಲ ಕೇಳಿ ತಾಯಿ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಗಿಡ ನೋಡಿದಳು, ಮಗನನ್ನು ನೋಡಿದಳು. “ಲೋ, ಕನ್ನಡಿ ಹಿಡ್ದು ಹಿಂದ್ಗಡೆ ತೋರಿಸ್ಲಿಲ್ವೇನೋ ಪಾಪ ಅದಕ್ಕೆ?” ಕೆಮ್ಮು ಬರುವಷ್ಟು ನಕ್ಕಳು. ಕೆಮ್ಮು ನಿಂತ ಮೇಲೆ ಇನ್ನೊಮ್ಮೆ ನಕ್ಕಳು. ರೋಗದ ಸುದ್ದಿ ಶುರುವಾದಾಗಿನಿಂದ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಮರುದಿನದಿಂದ ತಾಯಿ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡಳು. ಎಲ್ಲಿ ಕತ್ತರಿಸಬೇಕು, ಯಾವುದನ್ನು ಮುಟ್ಟಬಾರದು, ಎಲ್ಲ ಅಲ್ಲಿಂದಲೇ ಹೇಳಿದಳು. ಒಡೆದ ಬಕೆಟ್ಟಿನಲ್ಲಿ ಟೊಮೇಟೊ ಎದ್ದಿತು. ನೊರೆ ಕಲಸುವ ಬಟ್ಟಲಲ್ಲಿ ಪುದೀನ ಚಿಗುರಿತು. ಮಧ್ಯಾಹ್ನ ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಮುಚ್ಚಿದ ಶಟರಿನ ಹಿಂದೆ ತೋರಿಸುವ ಗಂಡಸುತನ ಅದೆಂಥದ್ದು? ನಿಮ್ಮ ಗುಂಡಿಗೆ ಗಟ್ಟಿ ಇರಬಹುದು, ಒಪ್ಪಿದೆ. ನಿಮ್ಮ ತಾಯಿಯ ಉಸಿರನ್ನು ಪಣಕ್ಕಿಡಲು ನೀವ್ಯಾರು? ಹೊಲಿಯಿರಿ, ನೆಡಿ, ಕಾಲು ಮುರಿದ ಕುರ್ಚಿ ಸರಿಮಾಡಿ, ರಾಗವಿಲ್ಲದಿದ್ದರೂ ಹಾಡಿ. ಚೆನ್ನಾಗಿ ಬರಲೇಬೇಕೆಂದು ಯಾರೂ ಕೇಳಿಲ್ಲ. ಹೊರಗೆ ಹೋಗಲೇಬೇಕಾದರೆ ಮೂಗು, ಬಾಯಿ ಎರಡೂ ಮುಚ್ಚಿ, ದೂರ ನಿಲ್ಲಿ. ಅಣಕಿಸುವವರು ಅಣಕಿಸಲಿ. ಎಲ್ಲ ಮಾತಿಗೂ ಉತ್ತರ ಕೊಡಬೇಕಾಗಿಲ್ಲ.

ಗುಲಾಬಿ ಮತ್ತೆ ಮೊಗ್ಗಾದ ಬೆಳಗ್ಗೆ, ಅದೇ ಹಾಲಿನ ಸಾಲಿನಲ್ಲಿ, ವೆಲ್ಡಿಂಗ್‌ನವನು ಕೂಗಿದ: “ಏನೋ ತೋಟದಮ್ಮ, ಇವತ್ತಾದ್ರೂ ಆಟಕ್ಕೆ ಬರ್ತೀಯೋ, ಟೊಮೇಟೊಗೆ ಜಡೆ ಹಾಕೋದಿದ್ಯೋ?”

ಸಾಲು ನಕ್ಕಿತು. ಕ್ಷೌರದವನು ಹಾಲು ತೆಗೆದುಕೊಂಡ. ಮಾಸ್ಕನ್ನು ಮೂಗಿನ ಮೇಲಕ್ಕೆ ಸರಿಯಾಗಿ ಎಳೆದುಕೊಂಡ. ಹೊಸ್ತಿಲಲ್ಲಿ ಅಮ್ಮ ಕುರ್ಚಿ ಹಾಕಿಸಿಕೊಂಡು ಕಾಯುತ್ತಿರುತ್ತಾಳೆ. ಮನೆಯ ಕಡೆ ನಡೆದ.